ಒರೆಸದೆ ಬಿಟ್ಟ ಕುಂಕುಮ

ಇದು ನಡೆದದ್ದು ಎರಡು ವರ್ಷದ ಹಿಂದಿನ ದಸರಾದಲ್ಲಿ, ಮಲೇಷ್ಯಾದ ಪುಚೊಂಗ್‌ನಲ್ಲಿರುವ ನಮ್ಮ ಕಾಂಡೋದಲ್ಲಿ, ಅಂದರೆ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ. ನನ್ನ ಗಂಡನ ಕೆಲಸದಿಂದಾಗಿ ನಾವು ಇಲ್ಲಿಗೆ ಬಂದು ಆಗ ಕೆಲವು ವರ್ಷಗಳಾಗಿದ್ದವು. ಇದೇ ಕಟ್ಟಡಗಳಲ್ಲಿ ಹತ್ತಾರು ಕನ್ನಡ ಮನೆಗಳಿವೆ. ಬರುವವರು ಬರುತ್ತಾರೆ, ಒಪ್ಪಂದ ಮುಗಿದವರು ಹೋಗುತ್ತಾರೆ. ಹೋಗುವವರು ಮಂಚ, ಮಿಕ್ಸರ್, ಸೈಕಲ್ ಎಲ್ಲವನ್ನೂ ಇಲ್ಲೇ ಯಾರಿಗಾದರೂ ಮಾರಿ ಹೋಗಬೇಕು. ಹೆಚ್ಚು ಕೈ ಬದಲಾಗುವುದು ಸೈಕಲ್‌ಗಳೇ. ಮಕ್ಕಳು ಬೆಳೆಯುತ್ತಾರೆ, ಸೈಕಲ್ ಬೆಳೆಯುವುದಿಲ್ಲ.

ಆದರೆ ನಮ್ಮವರಲ್ಲಿ ಬೆಲೆ ಹೇಳುವುದೇ ಒಂದು ಕಷ್ಟ. ಮಾರುವವರನ್ನು ಕೇಳಿದರೆ, "ಅಯ್ಯೋ, ನೀವೇ ನೋಡಿ ಕೊಡಿ" ಅನ್ನುತ್ತಾರೆ. ಕೊಳ್ಳುವವರನ್ನು ಕೇಳಿದರೆ, "ಇಲ್ಲ ಇಲ್ಲ, ನೀವೇ ಹೇಳಿ" ಅನ್ನುತ್ತಾರೆ. ಹೀಗೆ ಸಂಕೋಚದಲ್ಲೇ ಕಾಫಿ ಕುಡಿದು ಎದ್ದು ಹೋದವರಿದ್ದಾರೆ. ಸಂಕೋಚಕ್ಕೆ ಜಾಸ್ತಿ ಕೊಟ್ಟು, ಆಮೇಲೆ ಲಿಫ್ಟಿನಲ್ಲಿ ಸಿಕ್ಕರೂ ಮುಖ ತಿರುಗಿಸಿದವರೂ ಇದ್ದಾರೆ. ಅದಕ್ಕಾಗಿ ನಮ್ಮಲ್ಲಿ ಒಂದು ರೂಢಿ ಬೆಳೆದಿತ್ತು. ಏನೇ ಮಾರುವುದಿದ್ದರೂ ಬಸಣ್ಣನನ್ನು ಕರೆಯುವುದು, ಅವರು ಹೇಳಿದ ಬೆಲೆಗೆ ಎರಡೂ ಕಡೆಯವರು ಒಪ್ಪಿಕೊಳ್ಳುವುದು.

ಬಸಣ್ಣ ಗದಗ ಕಡೆಯವರು. ಕ್ಲಾಂಗ್ ಬಂದರಿನಲ್ಲಿ ಅವರ ಕೆಲಸ. ಹಡಗಿನಲ್ಲಿ ಬಂದ ಸಾಮಾನಿಗೆ ದಾರಿಯಲ್ಲಿ ಪೆಟ್ಟಾಗಿದ್ದರೆ, ಎಷ್ಟು ಹಾಳಾಗಿದೆ, ಇನ್ನೆಷ್ಟು ಬಾಳುತ್ತದೆ ಎಂದು ನೋಡಿ ವರದಿ ಕೊಡುವ ಕೆಲಸ. ಹಾಗಾಗಿ ಅವರ ಕಣ್ಣಿನ ಮೇಲೆ ನಮಗೆಲ್ಲ ನಂಬಿಕೆ. ಸೈಕಲ್ ನೋಡುವಾಗ ಅವರದ್ದೊಂದು ಕ್ರಮವಿತ್ತು. ಮೊದಲು ಹಳೆಯ ಬನಿಯನ್ ತುಂಡೊಂದನ್ನು ನೀರಲ್ಲಿ ಅದ್ದಿ ಇಡೀ ಸೈಕಲ್ ಒರೆಸುತ್ತಿದ್ದರು. ಆಮೇಲೆ ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸುವುದು, ಚಕ್ರ ಎತ್ತಿ ತಿರುಗಿಸುವುದು, ಚೈನ್ ಎಳೆದು ನೋಡುವುದು. ಅದಾದ ಮೇಲೆ ಇಬ್ಬರ ಎದುರಿಗೇ ಕುಂದುಗಳನ್ನೆಲ್ಲ ಜೋರಾಗಿ ಹೇಳುತ್ತಿದ್ದರು. "ಹಿಂದಿನ ಟೈರ್ ಸವದೈತ್ರಿ, ಇದಕ್ಕ ತಗೊಂಡವರು ಅಂಗಡಿಗೆ ರೊಕ್ಕ ಹಾಕಬೇಕಾಕ್ಕೈತಿ, ಅದನ್ನ ಬೆಲಿಯೊಳಗ ಕಳೀಬೇಕು." ಬೆಲೆ ಕೊನೆಯಲ್ಲಿ. ಒರೆಸುವುದು ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. "ಧೂಳಿನಾಗ ಎಲ್ಲಾ ಒಂದ ಥರಾ ಕಾಣತೈತ್ರಿ ವಸುಧಾ ಅಕ್ಕಾರ. ಒರಸಲಾರದ ನಾ ಬೆಲಿ ಹೇಳಂಗಿಲ್ಲ" ಎಂದಿದ್ದರು.

ಆ ದಸರಾದಲ್ಲಿ ಮೈಸೂರಿನ ನಾಗೇಶ್ ಅವರ ಕುಟುಂಬ ಊರಿಗೆ ಹಿಂದಿರುಗುವುದಿತ್ತು. ಅವರ ಬಳಿ ಒಂದು ಮಡಚುವ ಸೈಕಲ್ ಇತ್ತು. ಹ್ಯಾಂಡಲ್‌ನ ಉದ್ದ ಕಂಬ ಬುಡದಲ್ಲಿ ಒಂದು ಕೀಲಿನಿಂದ ಮಡಚಿಕೊಳ್ಳುತ್ತದೆ, ನಡುವೆ ಇನ್ನೊಂದು ಕೀಲು. ಮಡಚಿದರೆ ರೈಲಿನೊಳಗೂ ಒಯ್ಯಬಹುದು.

ಅದು ಬೇಕಾಗಿದ್ದದ್ದು ಶೈಲಾ ಡಾಕ್ಟರಿಗೆ. ಅವರು ನಮ್ಮ ಮಹಡಿಯಲ್ಲೇ ಇದ್ದರು. ಉಡುಪಿಯವರು, ನಗರದ ಒಂದು ದಂತವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು, ಅಲ್ಲೇ ರೋಗಿಗಳನ್ನೂ ನೋಡುತ್ತಿದ್ದರು. ವಯಸ್ಸು ಐವತ್ತರ ಹತ್ತಿರ, ಒಬ್ಬರೇ. ಮದುವೆಯ ಮಾತು ಎತ್ತಿದವರಿಗೆ, "ಬೇರೆಯವರ ಹಲ್ಲು ಕೀಳುವುದರಲ್ಲೇ ಹೊತ್ತು ಹೋಯ್ತು ಮಾರಾಯ್ರೆ" ಎಂದು ನಗುತ್ತಿದ್ದರು. ನಮ್ಮ ಮಗಳ ಹುಳುಕು ಹಲ್ಲನ್ನು ಅವರು ತುಂಬಿದ ದಿನ ನಾನು ಪಕ್ಕದಲ್ಲಿದ್ದೆ. ಬಾಯೊಳಗೆ ಅವರು ನೋಡುತ್ತಿದ್ದದ್ದು ಕಣ್ಣಿನಿಂದಲ್ಲ, ಬೆರಳ ತುದಿಯಿಂದ ಅನ್ನಿಸಿತ್ತು. ಕಾರು ಮಾರಿದ್ದರು, ಟ್ರಾಫಿಕ್ ಸಾಕಾಗಿತ್ತು. ಎಲ್‌ಆರ್‌ಟಿ ಸ್ಟೇಷನ್‌ವರೆಗೆ ಸೈಕಲ್, ಅಲ್ಲಿಂದ ರೈಲು, ಇಳಿದ ಮೇಲೆ ಮತ್ತೆ ಸೈಕಲ್ ಎಂಬುದು ಅವರ ಲೆಕ್ಕಾಚಾರ.

ವಿಜಯದಶಮಿಯ ಸಂಜೆ ನಾವೆಲ್ಲ ಕೆಳಗೆ ಪಾರ್ಕಿಂಗ್‌ನಲ್ಲಿ ಸೇರಿದೆವು. ಹಿಂದಿನ ದಿನವಷ್ಟೇ ಆಯುಧ ಪೂಜೆ ಆಗಿತ್ತು. ನಾಗೇಶ್ ಅವರ ತಾಯಿ ಜಯಮ್ಮನವರು ಕಾರಿಗೆ ಮಾಡಿದಂತೆಯೇ ಸೈಕಲ್‌ಗೂ ಮಾಡಿದ್ದರು. ಹ್ಯಾಂಡಲ್ ಕಂಬದ ಬುಡಕ್ಕೆ, ಆ ಕೀಲಿರುವ ಜಾಗಕ್ಕೆ, ಅರಿಶಿನ ಕಲಸಿ ದಪ್ಪಗೆ ಬಳಿದು ನಡುವೆ ದೊಡ್ಡ ಕುಂಕುಮ ಇಟ್ಟಿದ್ದರು. ಮೇಲೊಂದು ಸೇವಂತಿಗೆ ಮಾಲೆ. ಸೈಕಲ್‌ಗೆ ಹಣೆ ಅಂತಿದ್ದರೆ ಅದೇ ಜಾಗ. ಬೇರೆ ಯಾರಿದ್ದರೂ ಅಲ್ಲೇ ಇಡುತ್ತಿದ್ದರು.

ಬಸಣ್ಣ ಒದ್ದೆ ಬಟ್ಟೆ ಹಿಡಿದು ಹಿಂದಿನಿಂದ ಒರೆಸುತ್ತಾ ಬಂದರು. ಹಿಂದಿನ ಚಕ್ರ, ಸೀಟು, ನಡುವಿನ ಕೀಲು. ಮಾಲೆ ತೆಗೆದು ಪಕ್ಕಕ್ಕಿಟ್ಟರು. ಅರಿಶಿನದ ಹತ್ತಿರ ಬಟ್ಟೆ ಹೋದಾಗ ಜಯಮ್ಮ, "ಬೇಡ ಕಣಪ್ಪಾ, ಪೂಜೆ ಆಗಿರೋದು. ಹಬ್ಬದ ದಿನ ಅದನ್ನ ಒರಸ್ತಾರಾ?" ಎಂದರು.

ಬಸಣ್ಣನ ಕೈ ನಿಂತಿತು. ನಾನು ಅದನ್ನು ನೋಡಿದೆ. ಬಟ್ಟೆಗೂ ಆ ಕುಂಕುಮಕ್ಕೂ ನಡುವೆ ಒಂದು ಗೇಣು ಅಂತರವಿತ್ತು. "ಹೌದಲ್ರಿ ಅವ್ವಾರ, ತಪ್ಪಾತು" ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಬ್ರೇಕ್ ಹಿಡಿದು ಅಲ್ಲಾಡಿಸಿದರು. ಅಲುಗಲಿಲ್ಲ. "ಬಿಗಿ ಐತಿ. ಬ್ರೇಕಿನ ರಬ್ಬರ್ ಅಷ್ಟ ಹೊಸಾದು ಹಾಕಬೇಕ್ರಿ" ಎಂದು ಹೇಳಿ, ಅದನ್ನು ಕಳೆದು, ಮುನ್ನೂರು ರಿಂಗಿಟ್ ಎಂದರು.

"ಜಾಸ್ತಿ ಆಯ್ತೇನೋ ಅವರಿಗೆ" ಎಂದರು ನಾಗೇಶ್.

"ಕಮ್ಮಿ ಆಯ್ತೇನೋ ನಿಮಗೆ" ಎಂದರು ಶೈಲಾ ಡಾಕ್ಟರ್.

"ಇಬ್ಬರಿಗೂ ಹಂಗ ಅನಸ್ತಂದ್ರ ಬೆಲಿ ಸರಿ ಐತಿ ಅಂತ ಅರ್ಥ" ಎಂದು ಬಸಣ್ಣ ನಕ್ಕರು. ಎಲ್ಲರೂ ನಕ್ಕೆವು. ಜಯಮ್ಮ ಶೈಲಾ ಅವರ ತಲೆ ಸವರಿ, "ದಶಮಿ ದಿನ ತಗೊಂಡಿದೀಯ ತಾಯಿ, ಒಳ್ಳೇದಾಗತ್ತೆ" ಎಂದರು.

ನಾಗೇಶ್ ಮನೆಯವರು ಊರಿಗೆ ಹೋದರು. ಬ್ರೇಕಿನ ರಬ್ಬರ್ ಬದಲಾಯಿತು. ಬೆಳಿಗ್ಗೆ ಮಗಳನ್ನು ಶಾಲೆಯ ವ್ಯಾನಿಗೆ ಹತ್ತಿಸಲು ಗೇಟಿನ ಬಳಿ ನಿಂತಾಗ ಶೈಲಾ ಡಾಕ್ಟರ್ ಬೆಲ್ ಬಾರಿಸಿಕೊಂಡು ಹೋಗುತ್ತಿದ್ದರು. ಒಣಗಿ ಗಟ್ಟಿಯಾದ ಆ ಹಳದಿ ಕೆಂಪು ಗುರುತು ಹಾಗೆಯೇ ಇತ್ತು.

ದೀಪಾವಳಿ ಇನ್ನೇನು ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ವ್ಯಾನ್ ಹೋಗಿ ನಾನು ತಿರುಗುವಷ್ಟರಲ್ಲಿ ಶೈಲಾ ಡಾಕ್ಟರ್ ಇಳಿಜಾರಿನಲ್ಲಿ ಬರುತ್ತಿದ್ದರು. ವೇಗ ಹೆಚ್ಚಿರಲಿಲ್ಲ. ಇದನ್ನು ನಾನು ಆಮೇಲೆ ಕೇಳಿದವರಿಗೆಲ್ಲ ಹೇಳಿದ್ದೇನೆ, ವೇಗ ಹೆಚ್ಚಿರಲಿಲ್ಲ. ಗೇಟಿನ ಮುಂದಿನ ಹಂಪ್ ಮೇಲೆ ಮುಂದಿನ ಚಕ್ರ ಹತ್ತಿ ಇಳಿಯಿತು. ಸ್ಟೀಲಿನ ತಟ್ಟೆ ನೆಲಕ್ಕೆ ಬಿದ್ದಂಥ ಒಂದು ಸದ್ದು. ಮರುಕ್ಷಣ ಹ್ಯಾಂಡಲ್ ಕಂಬದ ಸಮೇತ ಅವರ ಎರಡೂ ಕೈಯಲ್ಲಿತ್ತು, ಸೈಕಲ್ ಬೇರೆಯೇ ಹೋಗುತ್ತಿತ್ತು. ಅವರ ಮುಖದಲ್ಲಿ ಹೆದರಿಕೆಗಿಂತ ಆಶ್ಚರ್ಯವಿತ್ತು. ಆಮೇಲೆ ಬಿದ್ದರು. ಬಲಗೈ ಮೈಯ ಅಡಿಗೆ, ಕಾಲುದಾರಿಯ ಅಂಚುಕಲ್ಲಿನ ಮೇಲೆ.

ಗಾರ್ಡ್ ಓಡಿ ಬಂದು ಕಾರುಗಳನ್ನು ತಡೆದ. ನಾನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಹೆಲ್ಮೆಟ್ ಇತ್ತು, ತಲೆಗೆ ಏನೂ ಆಗಿರಲಿಲ್ಲ. ಅವರು ಬಲಗೈಯನ್ನು ಎಡಗೈಯಿಂದ ಎತ್ತಿ ಮುಖದ ಹತ್ತಿರ ತಂದುಕೊಂಡರು. ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಹೆಬ್ಬೆರಳನ್ನು ತೋರುಬೆರಳಿಗೆ ಮುಟ್ಟಿಸಲು ನೋಡಿದರು. ಆಗಲಿಲ್ಲ. ನಡುಬೆರಳಿಗೆ ನೋಡಿದರು. ವೈದ್ಯರು ರೋಗಿಯನ್ನು ಪರೀಕ್ಷಿಸುವಂತೆ ನಿಧಾನವಾಗಿ, ಅಳದೆ ನೋಡುತ್ತಿದ್ದರು. ನಂತರ ಕೈ ಕೆಳಗಿಳಿಸಿ, "ವಸುಧಾ, ನನ್ನ ಕೈ ಹೋಯ್ತು" ಎಂದರು. ಆ ದನಿಯಲ್ಲಿ ದೂರು ಇರಲಿಲ್ಲ. ಬೇರೆ ಯಾರದ್ದೋ ವಿಷಯ ತಿಳಿಸುವಂತಿತ್ತು. ನನಗೆ ಇವತ್ತಿಗೂ ಕೇಳಿಸುವುದು ಆ ದನಿಯೇ.

ಮಣಿಕಟ್ಟಿನ ಮೂಳೆ ಚೂರಾಗಿತ್ತು, ನರಕ್ಕೆ ಪೆಟ್ಟಾಗಿತ್ತು. ಒಂದಲ್ಲ, ಎರಡು ಶಸ್ತ್ರಚಿಕಿತ್ಸೆ ಆಯಿತು. ಕೈ ಉಳಿಯಿತು. ಆದರೆ ಬೆರಳುಗಳ ಸೂಕ್ಷ್ಮ ಸ್ಪರ್ಶ ಉಳಿಯುವುದೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅದೊಂದೇ.

ಮುರಿದ ಸೈಕಲನ್ನು ಗಾರ್ಡ್ ಪಾರ್ಕಿಂಗ್‌ನ ಮೂಲೆಯಲ್ಲಿ ಇಟ್ಟಿದ್ದ. ಆ ವಾರಾಂತ್ಯ ಬಸಣ್ಣ ನನ್ನನ್ನು ಕರೆದರು. "ಬಿದ್ದದ್ದು ನೀವ ನೋಡೀರಿ, ನೀವೂ ಬರ್ರಿ" ಎಂದರು. ಟಾರ್ಚ್ ಹಿಡಿದು ಕುಳಿತು ಕಂಬ ಮುರಿದ ಜಾಗವನ್ನು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಟಾರ್ಚನ್ನು ನನ್ನ ಕೈಗೆ ಕೊಟ್ಟರು.

"ಈ ಅಂಚು ಹೊಳ್ಯಾಕ ಹತ್ತೈತಿ, ನೋಡ್ರಿ. ಇದು ಅವತ್ತ ಮುರದದ್ದು. ಈ ಕಡೆ ಕಪ್ಪಾಗೈತಿ. ಇದು ಹಳೇ ಬಿರುಕು, ಭಾಳ ದಿನದ್ದು."

ನಾನು ನೋಡಿದೆ. ಅರ್ಧಚಂದ್ರದಷ್ಟು ಭಾಗ ಕಪ್ಪಾಗಿತ್ತು.

"ಕಪ್ಪಿನೊಳಗ ಏನೈತಿ ನೋಡ್ರಿ."

ಕಪ್ಪಿನ ಒಳಗೆ ಸಣ್ಣ ಗೆರೆಯಾಗಿ ಹಳದಿ ಇತ್ತು. ಅರಿಶಿನ. ಬಿರುಕು ಮೊದಲೇ ಇತ್ತು, ಅರಿಶಿನ ಅದರೊಳಗೆ ಇಳಿದು ಒಣಗಿ ಮುಚ್ಚಿಕೊಂಡಿತ್ತು. ಜಯಮ್ಮನವರಿಗೆ ಅದು ಕಂಡಿರಲಿಲ್ಲ, ನಾಗೇಶ್‌ಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಮಾರುವ ಜನರಲ್ಲ ಅವರು.

ಬಸಣ್ಣ ಸಿಮೆಂಟ್ ನೆಲದ ಮೇಲೆ ಹಾಗೆಯೇ ಕುಳಿತುಬಿಟ್ಟರು. "ಒರಸಿದ್ದರ ಕಾಣತಿತ್ರಿ."

"ಜಯಮ್ಮನವರು ಬೇಡ ಅಂದರಲ್ಲ ಬಸಣ್ಣ."

"ಬಂದರಿನಾಗ ದಿನಾ ಯಾರರ ಬ್ಯಾಡ ಅಂತಾರ. ಅದನ್ನ ಬಿಚ್ಚಬ್ಯಾಡ್ರಿ, ಇದನ್ನ ಮುಟ್ಟಬ್ಯಾಡ್ರಿ ಅಂತಾರ. ನಾ ಕೇಳಂಗಿಲ್ಲ, ಬಿಚ್ಚಸ್ತೀನಿ. ಇಲ್ಲಿ ಕೇಳಿದ್ನಿ." ಮುರಿದ ತುಂಡನ್ನು ಎತ್ತಿಕೊಂಡು, "ನಮ್ಮವ್ವನ ವಯಸ್ಸಿನವರು, ಅದಕ್ಕ ಕೇಳಿದ್ನಿ" ಎಂದರು.

ಈಗ ಇದನ್ನು ಶೈಲಾ ಡಾಕ್ಟರಿಗೆ ಹೇಳಿ ಏನು ಪ್ರಯೋಜನ ಎಂದು ನಾನು ಕೇಳಿದೆ. ಅವರು ಆ ತುಂಡನ್ನು ಚೀಲದಲ್ಲಿ ಹಾಕಿಕೊಂಡು ನನ್ನ ಜೊತೆ ನೇರವಾಗಿ ಆಸ್ಪತ್ರೆಗೆ ಬಂದರು. ಶೈಲಾ ಡಾಕ್ಟರ ಮಂಚದ ಪಕ್ಕ ನಿಂತು, ನನಗೆ ತೋರಿಸಿದ್ದನ್ನೇ ಅದೇ ಕ್ರಮದಲ್ಲಿ ತೋರಿಸಿದರು. ಸಾಮಾನಿನ ಕುಂದು ಹೇಳುವಾಗಿನ ಅದೇ ದನಿ.

ಶೈಲಾ ಡಾಕ್ಟರ್ ಕಿಟಕಿಯ ಕಡೆ ನೋಡಿದರು. "ಮತ್ತೆ ನಾನು ದಿನಾ ಓಡಿಸಿದೆನಲ್ಲ ಅಣ್ಣ. ನಾನು ಸಹ ಒರೆಸಲಿಲ್ಲ. ದೊಡ್ಡವರು ಇಟ್ಟದ್ದು, ಇರಲಿ ಅಂತ ಬಿಟ್ಟೆ. ಎಂಥ ಮಾಡುವುದು?"

"ನನ್ನ ಮಾತಿನ ಮ್ಯಾಲೆ ತಗೊಂಡ್ರಿ ನೀವು" ಎಂದರು ಬಸಣ್ಣ. ತುಂಡನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಆಮೇಲೆ ಬಸಣ್ಣ ಬೆಲೆ ಹೇಳುವುದನ್ನು ಬಿಟ್ಟರು. ಯಾರು ಕರೆದರೂ ಬರುತ್ತಿರಲಿಲ್ಲ. ನಮ್ಮ ಮಂದಿ ಸಾಮಾನನ್ನು ಇಂಟರ್‌ನೆಟ್ಟಿನಲ್ಲಿ ಗೊತ್ತಿಲ್ಲದವರಿಗೆ ಮಾರತೊಡಗಿದರು.

ಸುದ್ದಿ ತಿಳಿದು ನಾಗೇಶ್ ಫೋನಿನಲ್ಲಿ ಅತ್ತರು, ಹಣ ವಾಪಸ್ ಕಳಿಸುತ್ತೇನೆ ಎಂದರು. ಶೈಲಾ ಡಾಕ್ಟರ್ ಬೇಡ ಎಂದರು. ನಾಗೇಶ್ ಕೇಳಿಕೊಂಡದ್ದು ಒಂದೇ, "ಅಮ್ಮನಿಗೆ ಮಾತ್ರ ಹೇಳಬೇಡಿ ಮೇಡಂ, ತಡ್ಕೊಳಲ್ಲ." ಯುಗಾದಿಯ ದಿನ ಜಯಮ್ಮನವರೇ ಫೋನ್ ಮಾಡಿದರು. ಶೈಲಾ ಡಾಕ್ಟರಿಗೆ ಊಟ ಕೊಡಲು ಹೋಗಿದ್ದ ನಾನು ಫೋನನ್ನು ಸ್ಪೀಕರಿಗೆ ಹಾಕಿ ಅವರ ಮುಂದಿಟ್ಟೆ. "ಸೈಕಲ್ ಚೆನ್ನಾಗಿ ಓಡ್ತಿದೆಯಾ ತಾಯಿ?" ಎಂದು ಕೇಳಿದರು. ಶೈಲಾ ಡಾಕ್ಟರ್ ಮೇಜಿನ ಮೇಲೆ ಚಾಚಿದ್ದ ತಮ್ಮ ಬಲಗೈಯನ್ನೇ ನೋಡುತ್ತಾ, "ಚೆನ್ನಾಗಿ ಓಡ್ತಾ ಉಂಟು ಅಮ್ಮ. ನೀವು ಹೇಗಿದ್ದೀರಿ?" ಎಂದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ.

ಅಷ್ಟರಲ್ಲಿ ಕೈಯ ವಿಷಯ ತೀರ್ಮಾನವಾಗಿತ್ತು. ಚಮಚ ಹಿಡಿಯುತ್ತಿದ್ದರು, ಬಾಗಿಲು ತೆರೆಯುತ್ತಿದ್ದರು. ಆದರೆ ಬೆರಳ ತುದಿಗೆ ಹತ್ತಿ ತಾಗಿದರೂ ಗೋಡೆ ತಾಗಿದರೂ ಒಂದೇ. ಆ ಬೆರಳುಗಳನ್ನು ಇನ್ನೊಬ್ಬರ ಬಾಯೊಳಗೆ ಇಡುವುದಿಲ್ಲ ಎಂದು ಅವರೇ ಕಾಲೇಜಿಗೆ ಬರೆದುಕೊಟ್ಟರು. ಕೆಲಸ ಹೋದರೆ ಇಲ್ಲಿ ಇರಲು ಪರವಾನಗಿಯೂ ಇಲ್ಲ. ಮನೆ ಖಾಲಿ ಮಾಡಬೇಕಾಯಿತು.

ಈಗ ಸಾಮಾನು ಮಾರುವ ಸರದಿ ಅವರದ್ದು. ಎಲ್ಲರ ಮನಸ್ಸಿನಲ್ಲೂ ಒಂದೇ ಮಾತು, ಪಾಪ, ಸ್ವಲ್ಪ ಜಾಸ್ತಿಯೇ ಕೊಡೋಣ. ಎದುರು ಮನೆಯವರು ಅವರ ಹಳೆಯ ಫ್ರಿಜ್ಜಿಗೆ ಹೊಸದರ ಬೆಲೆಯಷ್ಟೇ ಹಣ ತಂದಿಟ್ಟರು. ಶೈಲಾ ಡಾಕ್ಟರ್ ಅದನ್ನು ಮುಟ್ಟಲಿಲ್ಲ. "ನನ್ನ ಫ್ರಿಜ್ಜಿಗೆ ಇಷ್ಟು ಬೆಲೆ ಇಲ್ಲ ಮಾರಾಯ್ರೆ. ಉಳಿದದ್ದು ಎಂಥದ್ದಕ್ಕೆ? ಕೈಗಾ?" ಎಂದರು. ಎದುರು ಮನೆಯವರು ಹಣವನ್ನು ವಾಪಸ್ ಎತ್ತಿಕೊಂಡರು.

ಆ ಸಂಜೆ ಶೈಲಾ ಡಾಕ್ಟರ್ ನನ್ನನ್ನು ಕರೆದುಕೊಂಡು ಬಸಣ್ಣನ ಮನೆಗೆ ಹೋದರು. ಬಾಗಿಲು ತೆರೆದ ಬಸಣ್ಣ ಅವರನ್ನು ಕಂಡು ಹಿಂದೆ ಸರಿದರು.

"ನಾಳೆ ಬಂದು ಬೆಲೆ ಹೇಳಬೇಕು ಅಣ್ಣ."

"ಆಗಂಗಿಲ್ರಿ ಡಾಕ್ಟರ್ ಅಕ್ಕಾರ. ಇನ್ನ ನಾ ಹೇಳಂಗಿಲ್ಲ."

"ಇವರೆಲ್ಲ ನನ್ನ ಕೈ ನೋಡಿ ಬೆಲೆ ಹೇಳ್ತಾರೆ. ಸಾಮಾನು ನೋಡಿ ಹೇಳುವವರು ನೀವು ಒಬ್ಬರೇ. ನನಗೆ ದಾನ ಬೇಡ. ಸರಿಯಾದ ಬೆಲೆ ಬೇಕು, ಅಷ್ಟೇ."

ಮರುದಿನ ಬೆಳಿಗ್ಗೆ ಬಸಣ್ಣ ಒದ್ದೆ ಬನಿಯನ್ ತುಂಡು ಹಿಡಿದು ಬಂದರು.

ಒಂದೊಂದನ್ನೂ ಒರೆಸಿದರು. ಒಂದೊಂದರ ಕುಂದನ್ನೂ ಜೋರಾಗಿ ಹೇಳಿದರು. "ಫ್ರಿಜ್ಜಿನ ಬಾಗಿಲ ರಬ್ಬರ್ ಹರದೈತಿ, ಬೆಲಿ ಇಳಸಬೇಕು." "ಮಿಕ್ಸರಿನ ದೊಡ್ಡ ಜಾರಿನ ಬ್ಲೇಡ್ ಸಡ್ಲ ಐತಿ." ಕುರ್ಚಿಯ ಒಂದು ಕಾಲು ಗಿಡ್ಡ ಎಂದು ಅದರ ಬೆಲೆಯನ್ನೂ ಇಳಿಸಿದರು. ಎದುರು ಮನೆಯವರು ತಡೆಯಲಾರದೆ, "ಬಸಣ್ಣ, ಅವರ ಪರಿಸ್ಥಿತಿ ಸ್ವಲ್ಪ ನೋಡಿ ಹೇಳಬಾರದಾ?" ಎಂದು ಪಿಸುಗುಟ್ಟಿದರು.

ಅದು ಶೈಲಾ ಡಾಕ್ಟರ ಕಿವಿಗೆ ಬಿತ್ತು. "ಇನ್ನೂ ಇಳಿಸಿ ಅಣ್ಣ" ಎಂದರು. "ಆ ಕುರ್ಚಿ ನನ್ನನ್ನು ಎಷ್ಟೋ ಸಲ ಕೆಡವಿದೆ. ನಾನು ಡಾಕ್ಟರ್ ಅಂತ ಮರ್ಯಾದೆಗೆ ಯಾರಿಗೂ ಹೇಳಿರಲಿಲ್ಲ." ಅಷ್ಟು ತಿಂಗಳಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಆಗಲೇ. ಬಸಣ್ಣನೂ ಸ್ವಲ್ಪ ನಕ್ಕರು.

ಕೊನೆಗೆ ಉಳಿದದ್ದು ಬಟ್ಟೆ ಒಗೆಯುವ ಮೆಷಿನ್. ನಾನು ಅದನ್ನು ಕೊಳ್ಳುವುದಿತ್ತು. ಬಸಣ್ಣ ಅದರ ಮುಂದೆ ನಿಂತವರು ಹಾಗೆಯೇ ನಿಂತರು. ಮುಚ್ಚಳದ ಮೇಲೆ ಅರಿಶಿನದ ಪಟ್ಟಿ, ನಡುವೆ ಕುಂಕುಮ. ಆ ದಸರಾದ ಆಯುಧ ಪೂಜೆಗೆ ಶೈಲಾ ಡಾಕ್ಟರ್ ತಮ್ಮ ಬಲಗೈಯಿಂದಲೇ ಇಟ್ಟದ್ದು. ಆಮೇಲೆ ಒರೆಸುವ ಸ್ಥಿತಿಯಲ್ಲಿ ಅವರು ಇರಲಿಲ್ಲ.

ಬಸಣ್ಣನ ಕೈಯಲ್ಲಿ ಬಟ್ಟೆ ಇತ್ತು. ಕೈ ಮುಂದೆ ಹೋಗಲಿಲ್ಲ.

ಶೈಲಾ ಡಾಕ್ಟರ್ ಹತ್ತಿರ ಬಂದರು. ಎಡಗೈ ಚಾಚಿ ಬಸಣ್ಣನ ಕೈಯಿಂದ ಬಟ್ಟೆ ತೆಗೆದುಕೊಂಡರು. ಒಣಗಿದ್ದರಿಂದ ಅದು ಬೇಗ ಹೋಗಲಿಲ್ಲ. ಎಡಗೈ ಅವರಿಗೆ ಇನ್ನೂ ಪಳಗಿರಲಿಲ್ಲ. ಸಹಾಯಕ್ಕೆ ಹೋದ ನನ್ನನ್ನು ಕಣ್ಣಿನಲ್ಲೇ ತಡೆದರು. ನಿಧಾನವಾಗಿ, ಅಂಚಿನಿಂದ ಒಳಗೆ, ಪೂರ್ತಿ ಒರೆಸಿದರು. ಬಟ್ಟೆಯನ್ನು ವಾಪಸ್ ಕೊಟ್ಟು, "ಈಗ ನೋಡಿ ಅಣ್ಣ. ನೋಡಿ ಹೇಳಿ" ಎಂದರು.

ಬಸಣ್ಣ ಬಗ್ಗಿ ನೋಡಿದರು. ಅವರ ಕಣ್ಣು ತುಂಬಿತ್ತು, ಆದರೂ ನೋಡಿದರು. ಬೆರಳಿಂದ ಮುಚ್ಚಳವನ್ನು ಉದ್ದಕ್ಕೂ ಸವರಿದರು. "ಏನೂ ಇಲ್ರಿ. ಛಲೋ ಐತಿ" ಎಂದರು. ಬೆಲೆ ಹೇಳಿದರು. ನಾನು ಅಷ್ಟನ್ನೇ ಕೊಟ್ಟೆ, ಜಾಸ್ತಿಯೂ ಇಲ್ಲ, ಕಮ್ಮಿಯೂ ಇಲ್ಲ.

ಶೈಲಾ ಡಾಕ್ಟರ್ ಉಡುಪಿಗೆ ಹೋದರು. ಆಗಾಗ ಫೋನ್ ಮಾಡುತ್ತಾರೆ. ಕೈ ಹಾಗೆಯೇ ಇದೆ. ಬಸಣ್ಣ ಮತ್ತೆ ಯಾರಿಗೂ ಬೆಲೆ ಹೇಳಲಿಲ್ಲ. ಅವರನ್ನು ಒತ್ತಾಯಿಸಲು ನಮಗೂ ಬಾಯಿ ಬರುವುದಿಲ್ಲ.

ಆ ಮೆಷಿನ್ ನಮ್ಮ ಮನೆಯಲ್ಲಿದೆ. ಕಳೆದ ಆಯುಧ ಪೂಜೆಗೆ ಅದಕ್ಕೂ ಮಗಳ ಸೈಕಲ್‌ಗೂ ಅರಿಶಿನ ಕುಂಕುಮ ಇಟ್ಟೆ, ಇಡದಿರಲು ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆ ಎದ್ದವಳೇ ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಿದೆ. ಒರೆಸಿದ ಮೇಲೆ ಆ ಜಾಗವನ್ನು ಬೆರಳಿನಿಂದ ಸವರಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ನೋಡುತ್ತಲೇ ನಿಂತಿದ್ದೆ.